ಗೆದ್ದ ಸುದ್ದಿ ಬಂತು, ಅಕ್ಕಿ ಬರಲಿಲ್ಲ

1942ರ ನವೆಂಬರ್ 15, ಭಾನುವಾರ. ಇಂಗ್ಲೆಂಡಿನ ಊರೂರಲ್ಲೂ ಚರ್ಚಿನ ಗಂಟೆಗಳು ಮೊಳಗಿದವು. ಎರಡು ವರ್ಷಕ್ಕೂ ಮೇಲೆ ಆ ಗಂಟೆಗಳನ್ನು ಯಾರೂ ಮುಟ್ಟಿರಲಿಲ್ಲ. ಜರ್ಮನ್ ಸೈನಿಕರು ಬಂದಿಳಿದರೆ ಮಾತ್ರ ಗಂಟೆ ಹೊಡೆಯಬೇಕು ಅಂತ 1940ರ ಜೂನ್‌ನಲ್ಲಿ ಸರ್ಕಾರ ಅಪ್ಪಣೆ ಮಾಡಿತ್ತು. ಈಗ ಹೊಡೆದದ್ದು ಗೆಲುವಿನ ಖುಷಿಗೆ. ಈಜಿಪ್ಟಿನ ಎಲ್ ಅಲಮೇನ್‌ನಲ್ಲಿ ಜರ್ಮನ್ ಸೇನಾಪತಿ ರೊಮೆಲ್‌ನ ಸೈನ್ಯ ಸೋತು ಹಿಂದೆ ಓಡಿತ್ತು. ಅದಕ್ಕೆ ಐದು ದಿನ ಮೊದಲು ಚರ್ಚಿಲ್ ಹೇಳಿದ್ದ ಮಾತು ಈಗಲೂ ಎಲ್ಲ ಕಡೆ ಕಾಣಿಸುತ್ತದೆ: ಇದು ಕೊನೆಯಲ್ಲ, ಕೊನೆಯ ಆರಂಭವೂ ಅಲ್ಲ, ಆದರೆ ಬಹುಶಃ ಆರಂಭದ ಕೊನೆ.

ಆ ಗಂಟೆ ಮೊಳಗುವುದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಅಕ್ಟೋಬರ್ 16ರಂದು, ಬಂಗಾಳದ ಮಿಡ್ನಾಪುರದ ಕರಾವಳಿಗೆ ಚಂಡಮಾರುತ ಬಡಿದಿತ್ತು. ಸಮುದ್ರ ಊರೊಳಗೆ ನುಗ್ಗಿತು. 14,000ಕ್ಕೂ ಹೆಚ್ಚು ಜನ ಸತ್ತರು. ದನಕರು ಲಕ್ಷಗಟ್ಟಲೆ ಹೋದವು. ಗದ್ದೆಗೆ ಉಪ್ಪುನೀರು ತುಂಬಿಕೊಂಡಿತು. ಶತ್ರುವಿಗೆ ಗೊತ್ತಾಗಬಾರದು ಅಂತ ಆ ಸುದ್ದಿಯನ್ನು ಪತ್ರಿಕೆಗಳಲ್ಲಿ ಬರದಂತೆ ದಿನಗಟ್ಟಲೆ ತಡೆದರು. ಎಲ್ ಅಲಮೇನ್‌ನಲ್ಲಿ ಗೆದ್ದ ಸೈನ್ಯದಲ್ಲಿ ನಮ್ಮ ನಾಲ್ಕನೇ ಇಂಡಿಯನ್ ಡಿವಿಷನ್ ಕೂಡ ಇತ್ತು. ಅವರ ಗೆಲುವಿಗೆ ಇಂಗ್ಲೆಂಡಿನಲ್ಲಿ ಗಂಟೆ ಹೊಡೆಯಿತು, ಅವರ ದೇಶದಲ್ಲಿ ಬರಗಾಲ ಬಾಗಿಲಿಗೆ ಬಂದು ನಿಂತಿತ್ತು.

ಎರಡನೇ ಮಹಾಯುದ್ಧವನ್ನು ನಮಗೆ ಶಾಲೆಯಲ್ಲಿ ಕಲಿಸಿದ್ದು ತಿರುವುಗಳ ಪಟ್ಟಿಯಾಗಿ. ಮಿಡ್‌ವೇ, ಎಲ್ ಅಲಮೇನ್, ಸ್ಟಾಲಿನ್‌ಗ್ರಾಡ್, ನಾರ್ಮಂಡಿ. ಒಂದೊಂದಕ್ಕೂ ಒಂದು ಇಸವಿ, ಎರಡು ಅಂಕದ ಪ್ರಶ್ನೆ. ಆ ಪಟ್ಟಿ ಸುಳ್ಳಲ್ಲ. ಆದರೆ ದೊಡ್ಡವನಾದ ಮೇಲೆ ಆ ವರ್ಷಗಳಲ್ಲಿ ಮನೆಗಳೊಳಗೆ ಏನಾಗುತ್ತಿತ್ತು ಅಂತ ಓದಲು ಶುರು ಮಾಡಿದೆ. ಆಗ ಒಂದು ವಿಷಯ ಮನಸ್ಸಿಗೆ ಅಂಟಿಕೊಂಡಿತು. ಯುದ್ಧ ತಿರುಗಿದ ದಿನ ಮನೆಯ ಕಷ್ಟ ತಿರುಗಲಿಲ್ಲ. ಎಷ್ಟೋ ಕಡೆ ಯುದ್ಧ ಗೆಲುವಿನ ಕಡೆ ವಾಲಿದ ಮೇಲೆಯೇ ಜನ ಹಸಿವಿನಿಂದ ಸತ್ತರು. ಮನೆಯಲ್ಲಿ ಒಲೆ ಉರಿಯುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡಿದವರು ಬಹಳ ಸಲ ಸೇನಾಪತಿಗಳಲ್ಲ. ಅಕ್ಕಿಯನ್ನು ಎಲ್ಲಿಂದ ಎಲ್ಲಿಗೆ ಸಾಗಿಸಬೇಕು, ಯಾರಿಗೆ ಮೊದಲು ಕೊಡಬೇಕು ಅಂತ ಕಚೇರಿಯಲ್ಲಿ ಕೂತು ಬರೆದವರು.

ಮೊದಲು ಆ ತಿರುವುಗಳನ್ನೇ ಬೇಗ ನೋಡಿಬಿಡೋಣ. 1942ರ ಜೂನ್‌ನಲ್ಲಿ ಮಿಡ್‌ವೇ ದ್ವೀಪದ ಹತ್ತಿರ ಜಪಾನ್ ನಾಲ್ಕು ವಿಮಾನವಾಹಕ ಹಡಗುಗಳನ್ನು ಕಳೆದುಕೊಂಡಿತು. ಆದರೆ ಜಪಾನಿನ ಜನರಿಗೆ ಹೇಳಿದ್ದು ಗೆದ್ದೆವು ಅಂತ. ಗಾಯಾಳು ನಾವಿಕರನ್ನು ಆಸ್ಪತ್ರೆಯಲ್ಲಿ ಯಾರ ಜೊತೆಗೂ ಸೇರದಂತೆ ಬೇರೆ ಇಟ್ಟರು. 1943ರ ಫೆಬ್ರವರಿ 2ಕ್ಕೆ ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ನರು ಪೂರ್ತಿ ಶರಣಾದರು. ಸುಮಾರು 91,000 ಜನ ಸೆರೆಸಿಕ್ಕರು. ಈ ಸೋಲನ್ನು ಮುಚ್ಚಿಡಲು ಆಗಲಿಲ್ಲ, ಮೂರು ದಿನ ಶೋಕ ಆಚರಿಸಿದರು. ಎರಡು ವಾರ ಕಳೆದು ಬರ್ಲಿನ್‌ನಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ 'ಸಂಪೂರ್ಣ ಯುದ್ಧ ಬೇಕಾ?' ಅಂತ ಕೂಗಿ ಕೇಳಿದ, ಸಭೆಯಲ್ಲಿದ್ದವರು ಹೌದು ಅಂತ ಕಿರುಚಿದರು. ಸೋತ ಯುದ್ಧ ಇನ್ನೂ ಎರಡು ವರ್ಷ ನಡೆಯಿತು. ಆ ಎರಡು ವರ್ಷದಲ್ಲಿ ಸತ್ತ ಜನ ಎಷ್ಟು!

ತಿರುವಿಗೂ ಮನೆಗೂ ಇರುವ ದೂರ ನನಗೆ ಮೊದಲು ಅರ್ಥವಾದದ್ದು ರಷ್ಯಾದ ಲೆನಿನ್‌ಗ್ರಾಡ್ ಬಗ್ಗೆ ಓದುವಾಗ. 1941ರ ಸೆಪ್ಟೆಂಬರ್ 8ರಂದು ಜರ್ಮನ್ನರು ಆ ನಗರಕ್ಕೆ ಹೋಗುವ ನೆಲದ ದಾರಿಗಳನ್ನೆಲ್ಲ ಮುಚ್ಚಿದರು. ಅದೇ ದಿನ ಬಾಂಬು ಬಿದ್ದು ಬದಾಯೆವ್ ಉಗ್ರಾಣಗಳು ಹೊತ್ತಿಕೊಂಡವು. ಹಿಟ್ಟು, ಸಕ್ಕರೆ ಸುಟ್ಟು ಹೋಯಿತು. ಕರಗಿದ ಸಕ್ಕರೆ ಇಂಗಿದ ಮಣ್ಣನ್ನು ಆಮೇಲೆ ಜನ ಅಗೆದು ಒಯ್ದರು, ನೀರಲ್ಲಿ ಕದಡಿ ಸೋಸಿ ಕುಡಿದರು. ಒಳಗೆ ಸಿಕ್ಕಿಕೊಂಡವರು 25 ಲಕ್ಷದಷ್ಟು ಜನ.

ನವೆಂಬರ್ 20ರಿಂದ ರೇಷನ್ ಇಳಿಸಿದರು. ಕಾರ್ಖಾನೆ ಕೆಲಸಗಾರರಿಗೆ ದಿನಕ್ಕೆ 250 ಗ್ರಾಂ ಬ್ರೆಡ್. ಗುಮಾಸ್ತರಿಗೆ, ಮಕ್ಕಳಿಗೆ, ಮನೆಯಲ್ಲಿರುವವರಿಗೆ 125 ಗ್ರಾಂ. ಆ ಬ್ರೆಡ್ಡಿನಲ್ಲೂ ಹಿಟ್ಟಿನ ಜೊತೆ ಹಿಂಡಿ ಮತ್ತು ಮರದಿಂದ ತೆಗೆದ ನಾರಿನ ಪುಡಿ ಬೆರೆಸಿದ್ದರು. ಬೇರೆ ಊಟ ಅನ್ನುವುದು ಹೆಸರಿಗೆ ಮಾತ್ರ ಇತ್ತು. ಹೊರಗೆ ಕೊರೆಯುವ ಹಿಮ. ನೀರಿನ ಕೊಳಾಯಿ ಹೆಪ್ಪುಗಟ್ಟಿತ್ತು, ಟ್ರಾಮ್ ನಿಂತಿತ್ತು. ರೇಡಿಯೋ ಮಾತ್ರ ಬಂದ್ ಆಗಬಾರದು ಅಂತ ಕಾರ್ಯಕ್ರಮ ಇಲ್ಲದಾಗ ತಾಳ ಎಣಿಸುವ ಯಂತ್ರವಾದ ಮೆಟ್ರೋನೋಮ್‌ನ ಟಿಕ್ ಟಿಕ್ ಹಾಕುತ್ತಿದ್ದರು. ನಿಧಾನಕ್ಕೆ ಬಡಿದರೆ ಭಯವಿಲ್ಲ, ಜೋರಾಗಿ ಬಡಿದರೆ ವಿಮಾನ ಬರುತ್ತಿದೆ ಅಂತ ಲೆಕ್ಕ.

ಈಗ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1941ರ ಡಿಸೆಂಬರ್ 5ರಂದು ಮಾಸ್ಕೋ ಹತ್ತಿರ ಸೋವಿಯತ್ ಸೈನ್ಯ ತಿರುಗಿ ಬಿತ್ತು. ಹಿಟ್ಲರನ ಸೈನ್ಯವನ್ನೂ ಹಿಂದೆ ತಳ್ಳಬಹುದು ಅಂತ ಜಗತ್ತಿಗೆ ಗೊತ್ತಾದದ್ದು ಆಗಲೇ. ಆ ದಿನ ಲೆನಿನ್‌ಗ್ರಾಡ್‌ನ ಮಗುವಿನ ಪಾಲು ಅದೇ 125 ಗ್ರಾಂ. ಡಿಸೆಂಬರ್ 25ಕ್ಕೆ ಅದು 200 ಗ್ರಾಂ ಆಯಿತು. ಅದನ್ನು ಸಾಧ್ಯ ಮಾಡಿದ್ದು ಲಡೋಗಾ ಕೆರೆ. ಕೆರೆ ಹೆಪ್ಪುಗಟ್ಟಿತ್ತು. ಅದರ ಮೇಲೆ ಲಾರಿಗಳು ಹಿಟ್ಟು ಹೊತ್ತು ಬಂದವು, ಹೋಗುವಾಗ ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಹೋದವು. ಎಷ್ಟೋ ಲಾರಿಗಳು ಹಿಮ ಒಡೆದು ಮುಳುಗಿದವು. ಜನ ಅದನ್ನು 'ಬದುಕಿನ ದಾರಿ' ಅಂದರು. ನನ್ನ ಪ್ರಕಾರ ಆ ನಗರದ ಮನೆಗಳಿಗೆ ತಿರುವು ಅಂದರೆ ಡಿಸೆಂಬರ್ 25ರ ಆ 75 ಗ್ರಾಂ. ಅಷ್ಟಾದರೂ ಸಾವು ನಿಲ್ಲಲಿಲ್ಲ. ಜನವರಿ, ಫೆಬ್ರವರಿಯಲ್ಲಿ ಹೆಣಗಳನ್ನು ಮಕ್ಕಳ ಹಿಮಗಾಡಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿ 27ಕ್ಕೆ. ಅಷ್ಟರಲ್ಲಿ ಸತ್ತ ನಾಗರಿಕರು ಎಂಟು ಲಕ್ಷದಷ್ಟಿರಬಹುದು ಅನ್ನುತ್ತಾರೆ, ಅದಕ್ಕೂ ಜಾಸ್ತಿ ಅನ್ನುವವರೂ ಇದ್ದಾರೆ.

ಅದೇ ನಗರದಲ್ಲಿ ಒಂದು ಬೀಜದ ಸಂಗ್ರಹವಿತ್ತು. ನಿಕೊಲಾಯ್ ವಾವಿಲೋವ್ ಅನ್ನುವ ಸಸ್ಯವಿಜ್ಞಾನಿ ದೇಶದೇಶ ಸುತ್ತಿ ತಂದ ಗೋಧಿ, ಭತ್ತ, ಕಾಳು, ಆಲೂಗಡ್ಡೆಯ ತಳಿಗಳು. ಕಾಯುತ್ತಿದ್ದವರು ಅವರ ಸಂಸ್ಥೆಯ ವಿಜ್ಞಾನಿಗಳು. ಅವರೂ ಹಸಿದಿದ್ದರು. ಆದರೂ ಬೀಜ ಮುಟ್ಟಲಿಲ್ಲ. ಭತ್ತದ ತಳಿ ನೋಡಿಕೊಳ್ಳುತ್ತಿದ್ದ ಡಿಮಿಟ್ರಿ ಇವಾನೋವ್ ಸಾವಿರಾರು ಪೊಟ್ಟಣ ಭತ್ತದ ನಡುವೆ ಹಸಿವಿನಿಂದ ಸತ್ತರು. ಯುದ್ಧ ಮುಗಿದ ಮೇಲೆ ನಾಡಿಗೆ ಬಿತ್ತನೆ ಬೀಜ ಬೇಕು ಅನ್ನುವುದು ಅವರ ಯೋಚನೆ. ಇತ್ತ ಆ ಬೀಜ ಕೂಡಿಸಿದ ವಾವಿಲೋವ್ ಅವರನ್ನು ಸ್ಟಾಲಿನ್ ಸರ್ಕಾರ ಜೈಲಿಗೆ ಹಾಕಿತ್ತು. ಸರತೋವ್ ಜೈಲಿನಲ್ಲಿ 1943ರ ಜನವರಿ 26ರಂದು ಸೊರಗಿ ಸತ್ತರು. ಅದಕ್ಕೆ ಎಂಟು ದಿನ ಮೊದಲು ಮುತ್ತಿಗೆಯಲ್ಲಿ ಒಂದು ಸಣ್ಣ ದಾರಿ ತೆರೆದಿತ್ತು. ಒಂದು ವಾರದ ನಂತರ ಸ್ಟಾಲಿನ್‌ಗ್ರಾಡ್ ಗೆದ್ದರು. ಈ ಮೂರು ದಿನಾಂಕ ಒಟ್ಟಿಗೆ ಓದಿದಾಗಲೆಲ್ಲ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ.

ಈಗ ನಮ್ಮ ಕಡೆಗೆ ಬರೋಣ.

1942ರ ಮಾರ್ಚ್ 8ಕ್ಕೆ ಜಪಾನೀಯರು ರಂಗೂನಿಗೆ ಬಂದರು. ಭೂಪಟದ ಮೇಲೆ ಅದು ಬ್ರಿಟಿಷರ ಒಂದು ಸೋಲು ಅಷ್ಟೇ. ಆದರೆ ನಮ್ಮ ದೇಶಕ್ಕೆ ಪ್ರತಿ ವರ್ಷ ಹಡಗುಗಟ್ಟಲೆ ಅಕ್ಕಿ ಬರುತ್ತಿದ್ದದ್ದು ಬರ್ಮಾದಿಂದ. ಬಂಗಾಳ, ಮಲಬಾರ್, ತಿರುವಾಂಕೂರು, ಸಿಲೋನ್ ಎಲ್ಲ ಕಡೆ ಬರ್ಮಾ ಅಕ್ಕಿಯ ಲೆಕ್ಕವಿತ್ತು. ಅದು ಒಮ್ಮೆಲೇ ನಿಂತಿತು. ರಂಗೂನಿನಿಂದ ಕಾಡು ಬೆಟ್ಟ ದಾಟಿ ನಡೆದುಕೊಂಡು ಬಂದ ಲಕ್ಷಾಂತರ ಭಾರತೀಯರು ಬೇರೆ.

ಜಪಾನೀಯರು ಬಂಗಾಳಕ್ಕೂ ಇಳಿಯುತ್ತಾರೆ ಅಂತ ಸರ್ಕಾರಕ್ಕೆ ಭಯ ಹತ್ತಿತು. ಶತ್ರುವಿಗೆ ಏನೂ ಸಿಗಬಾರದು ಅಂತ ಕರಾವಳಿ ಜಿಲ್ಲೆಗಳಿಂದ ಅಕ್ಕಿ ಎತ್ತಿಸಿದರು. ಹತ್ತು ಜನಕ್ಕಿಂತ ಹೆಚ್ಚು ಕೂರಬಹುದಾದ ದೋಣಿಗಳನ್ನೆಲ್ಲ ಕಿತ್ತುಕೊಂಡರು, ಇಲ್ಲವೇ ಒಡೆದರು. 40,000ಕ್ಕೂ ಹೆಚ್ಚು ದೋಣಿಗಳು ಹೋದವು. ಪೂರ್ವ ಬಂಗಾಳದಲ್ಲಿ ದೋಣಿ ಇಲ್ಲದಿದ್ದರೆ ಸಂತೆ ಇಲ್ಲ, ಮೀನು ಇಲ್ಲ, ನದಿಯಾಚೆಯ ಗದ್ದೆಗೆ ಹೋಗುವ ಹಾಗಿಲ್ಲ. ನಮ್ಮ ರೈತನ ಎತ್ತು, ಗಾಡಿ, ನೇಗಿಲು ಮೂರನ್ನೂ ಒಂದೇ ದಿನ ಹೊಡೆದುಕೊಂಡು ಹೋದ ಹಾಗೆ. ಜಪಾನೀಯರು ಕಲ್ಕತ್ತದ ಮೇಲೆ ಬಾಂಬು ಹಾಕಿದರು, ನಿಜ. ಆದರೆ ಅವರ ಕಾಲಾಳು ಬಂಗಾಳದ ಗದ್ದೆಗೆ ಇಳಿಯಲೇ ಇಲ್ಲ. ದೋಣಿ ಮಾತ್ರ ಹೋಗಿತ್ತು.

ಮೇಲಿಂದ ಚಂಡಮಾರುತ, ಬೆಳೆಗೆ ರೋಗ. ಯುದ್ಧದ ಖರ್ಚಿಗೆ ನೋಟು ಅಚ್ಚಾಗುತ್ತಲೇ ಇತ್ತು. ಕಲ್ಕತ್ತದ ಕಾರ್ಖಾನೆಗಳ ಕೆಲಸಗಾರರು ಯುದ್ಧಕ್ಕೆ ಬೇಕಾದವರು, ಹಾಗಾಗಿ ಅವರಿಗೆ ಅಗ್ಗದ ಅಕ್ಕಿಯ ಏರ್ಪಾಟು ಆಯಿತು. ಹಳ್ಳಿಯ ಕೂಲಿಯವನಿಗೆ, ಬೆಸ್ತನಿಗೆ, ನೇಕಾರನಿಗೆ ಯಾವ ಏರ್ಪಾಟೂ ಇರಲಿಲ್ಲ. ಒಂದೂವರೆ ವರ್ಷದಲ್ಲಿ ಅಕ್ಕಿ ಬೆಲೆ ನಾಲ್ಕೈದು ಪಟ್ಟು ಏರಿತು. ಅವರ ಕೂಲಿ ಅದರ ಹತ್ತಿರವೂ ಏರಲಿಲ್ಲ. ಆಗ ಶಾಂತಿನಿಕೇತನದಲ್ಲಿ ಒಂಬತ್ತು ವರ್ಷದ ಹುಡುಗನಾಗಿದ್ದ ಅಮರ್ತ್ಯ ಸೇನ್ ಮುಂದೆ ಅರ್ಥಶಾಸ್ತ್ರಜ್ಞರಾಗಿ ಇದನ್ನೇ ತೋರಿಸಿದರು: ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಇರಲಿಲ್ಲ. ಎಷ್ಟು ಅಕ್ಕಿ ಇತ್ತು ಅನ್ನುವ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಇದೆ. ಸತ್ತವರು ಯಾರು ಅನ್ನುವುದರಲ್ಲಿ ಜಗಳವಿಲ್ಲ. ಬಡವರು ಸತ್ತರು.

ಹಳ್ಳಿಯಿಂದ ಕಲ್ಕತ್ತಕ್ಕೆ ನಡೆದು ಬಂದವರು ಅನ್ನ ಕೇಳಲಿಲ್ಲ. ಕೇಳಿದರೂ ಯಾರು ಕೊಡುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಮನೆಮನೆ ಬಾಗಿಲಲ್ಲಿ ನಿಂತು 'ಫ್ಯಾನ್ ದಾವ್' ಅಂದರು. ಅನ್ನ ಬಸಿದ ಗಂಜಿ ಕೊಡಿ ಅಂತ.

1943ರ ಆಗಸ್ಟ್ 22ರಂದು ಕಲ್ಕತ್ತದ 'ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ ಫೋಟೋಗಳು ಬಂದವು. ಸಂಪಾದಕ ಇಯಾನ್ ಸ್ಟೀಫನ್ಸ್ ಇಂಗ್ಲಿಷರವನೇ. ಬೀದಿಯಲ್ಲಿ ಬಿದ್ದ ಜನರ ಚಿತ್ರ ಹಾಕಿದ್ದರಿಂದ ಲಂಡನ್ನಿಗೂ ದಿಲ್ಲಿಗೂ ಇನ್ನು ಮುಚ್ಚಿಡಲು ಆಗಲಿಲ್ಲ. ಆ ವಾರದ ಬೇರೆ ಸುದ್ದಿ ಏನು ಗೊತ್ತಾ? 17ಕ್ಕೆ ಸಿಸಿಲಿ ದ್ವೀಪ ಪೂರ್ತಿ ಮಿತ್ರರಾಷ್ಟ್ರಗಳ ಕೈಗೆ ಬಂದಿತ್ತು. 23ಕ್ಕೆ ರಷ್ಯನ್ನರು ಖಾರ್ಕೋವ್ ಮರಳಿ ಪಡೆದರು. ಮುಸೊಲಿನಿ ಕುರ್ಚಿ ಕಳೆದುಕೊಂಡು ತಿಂಗಳಾಗಿರಲಿಲ್ಲ. ಯುದ್ಧ ಗೆಲ್ಲುವುದು ಖಚಿತ ಅನ್ನುವ ಹೊತ್ತು ಅದು. ಹಡಗಿನಲ್ಲಿ ಗೋಧಿ ಕಳಿಸಿ ಅಂತ ದಿಲ್ಲಿಯಿಂದ ಕೇಳುತ್ತಲೇ ಇದ್ದರು. ಹಡಗು ಬೇರೆ ಕೆಲಸಕ್ಕೆ ಬೇಕು ಅಂತ ಚರ್ಚಿಲ್ ಸಂಪುಟ ಕೇಳಿದ್ದರಲ್ಲಿ ಸ್ವಲ್ಪ ಭಾಗ ಮಾತ್ರ ಕೊಟ್ಟಿತು. ಕ್ಷಾಮ ಬಂದಾಗ ಏನು ಮಾಡಬೇಕು ಅಂತ ಬ್ರಿಟಿಷರೇ ಬರೆದಿಟ್ಟ ಕ್ಷಾಮ ನಿಯಮಾವಳಿ ಕಪಾಟಿನಲ್ಲಿತ್ತು. ಬಂಗಾಳದಲ್ಲಿ ಕ್ಷಾಮ ಅಂತ ಘೋಷಣೆಯೇ ಆಗಲಿಲ್ಲ.

ಅಕ್ಟೋಬರ್‌ನಲ್ಲಿ ವೇವೆಲ್ ವೈಸರಾಯ್ ಆಗಿ ಬಂದ. ಕಲ್ಕತ್ತಕ್ಕೆ ಹೋಗಿ ಕಣ್ಣಾರೆ ನೋಡಿದ. ಅಕ್ಕಿ ಸಾಗಿಸಲು ಸೈನ್ಯವನ್ನು ಹಚ್ಚಿದ. ಹಾಗಿದ್ದರೆ ಇದು ಮೊದಲೇ ಆಗಬಹುದಿತ್ತು ಅಲ್ವಾ? ಕಲ್ಕತ್ತದಲ್ಲಿ ಸರಿಯಾದ ರೇಷನ್ ಶುರುವಾದದ್ದು 1944ರ ಜನವರಿ ಕೊನೆಗೆ. ಅಷ್ಟು ಹೊತ್ತಿಗೆ ಹೊಸ ಬೆಳೆ ಬಂದಿದ್ದರೂ ಬಡಕಲಾದ ಮೈಗೆ ಮಲೇರಿಯಾ, ಕಾಲರಾ, ಸಿಡುಬು ಹತ್ತಿಕೊಂಡಿದ್ದವು. 1944ರಲ್ಲೂ ಸಾಯುತ್ತಲೇ ಇದ್ದರು. ಕ್ಷಾಮದ ತನಿಖೆಗೆ ಸರ್ಕಾರ ನೇಮಿಸಿದ ವುಡ್‌ಹೆಡ್ ಆಯೋಗ ಸತ್ತವರು 15 ಲಕ್ಷ ಅಂದಿತು. ನಂತರ ಲೆಕ್ಕ ಹಾಕಿದವರಲ್ಲಿ ಹೆಚ್ಚಿನವರು 30 ಲಕ್ಷದ ಆಸುಪಾಸು ಅನ್ನುತ್ತಾರೆ.

ಅದೇ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ, ಬ್ರಿಟನ್ನಿನಲ್ಲಿ, 1940ರ ಜನವರಿ 8ರಿಂದಲೇ ರೇಷನ್ ಇತ್ತು. ಬೇಕನ್, ಬೆಣ್ಣೆ, ಸಕ್ಕರೆಯಿಂದ ಶುರುವಾಯಿತು, ಆಮೇಲೆ ಚಹಾ, ಮಾಂಸ. ಬೆಲೆ ಕಟ್ಟಿಹಾಕಿದ್ದರು. ಮಕ್ಕಳಿಗೆ, ಬಸುರಿಯರಿಗೆ ಹಾಲು ಕೊಟ್ಟರು. ಬಡವರ ಊಟ ಯುದ್ಧಕ್ಕೆ ಮೊದಲಿಗಿಂತ ಸುಧಾರಿಸಿತು ಅಂತ ಅಲ್ಲಿನವರೇ ಬರೆದಿದ್ದಾರೆ. ಅಲ್ಲಿಯ ಹೆಂಗಸರು ಸಾಲಿನಲ್ಲಿ ನಿಂತು ಪಟ್ಟ ಪಾಡು ಸಣ್ಣದಲ್ಲ, ಬಾಂಬಿಗೆ ಮನೆ ಕಳೆದುಕೊಂಡವರ ನೋವೂ ಸಣ್ಣದಲ್ಲ. ಯುದ್ಧ ಗೆದ್ದ ಮೇಲೂ ಅವರ ಕಷ್ಟ ಮುಗಿಯಲಿಲ್ಲ. ಯುದ್ಧದ ಉದ್ದಕ್ಕೂ ಧಾರಾಳವಾಗಿ ಸಿಗುತ್ತಿದ್ದ ಬ್ರೆಡ್ಡಿಗೆ 1946ರ ಜುಲೈನಲ್ಲಿ ರೇಷನ್ ಬಂತು. ಮಾಂಸದ ರೇಷನ್ ಹೋದದ್ದು 1954ಕ್ಕೆ. ಆದರೂ ಒಂದೇ ಸರ್ಕಾರದ ಕೈಕೆಳಗೆ, ಒಂದೇ ಯುದ್ಧದಲ್ಲಿ, ಒಂದು ಕಡೆ ಪ್ರತಿ ಮಗುವಿನ ಹಾಲಿನ ಲೆಕ್ಕವಿತ್ತು, ಇನ್ನೊಂದು ಕಡೆ ಸತ್ತವರ ಲೆಕ್ಕವೂ ಸರಿಯಾಗಿ ಇಡಲಿಲ್ಲ. ಇದನ್ನು ಬರೆಯುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೈಸೂರು ಸೀಮೆಗೆ ಯುದ್ಧ ಬಂದದ್ದು ಬೇರೆ ಥರ. ಇಲ್ಲಿ ಬಾಂಬು ಬೀಳಲಿಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆಯವರು ನಡೆಸತೊಡಗಿದರು. ಯುದ್ಧಕ್ಕೆ ಹೋಗಿ ಜಖಂ ಆದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಈಗ ನೊರೆಗೆ ಹೆಸರಾದ ಅದೇ ಕೆರೆ. ಜಾಲಹಳ್ಳಿ ಕಡೆ ಇಟಲಿಯ ಯುದ್ಧಕೈದಿಗಳ ಶಿಬಿರಗಳಿದ್ದವು. ಪ್ಯಾರಾಚೂಟಿಗೆ ಅಂತ ಮೈಸೂರು ರೇಷ್ಮೆಗೆ ಬೇಡಿಕೆ ಬಂತು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಎಷ್ಟೋ ಮನೆಗಳು ಆ ಯುದ್ಧದಿಂದಲೇ ನೆಟ್ಟಗಾದವು. ಇದನ್ನೂ ಹೇಳಬೇಕು.

ಅಕ್ಕಿಯ ಕೊರತೆ ಇಲ್ಲಿಗೂ ತಟ್ಟಿತು. ಹಿರಿಯರು ಅದನ್ನು 'ಕಂಟ್ರೋಲ್ ಕಾಲ' ಅನ್ನುತ್ತಿದ್ದರು. ಅಕ್ಕಿ, ಸೀಮೆಎಣ್ಣೆ, ಬಟ್ಟೆ ಎಲ್ಲದಕ್ಕೂ ಸಾಲು. ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು, ರವೆ ಇಡ್ಲಿ ಹುಟ್ಟಿದ್ದೇ ಹಾಗೆ ಅಂತ ಎಂಟಿಆರ್‌ನವರು ಹೇಳುತ್ತಾರೆ. ರಾಗಿ ಉಣ್ಣುವ ಸೀಮೆಗೆ ರಂಗೂನ್ ಬಿದ್ದ ಪೆಟ್ಟು ಅಷ್ಟು ಆಳಕ್ಕೆ ಇಳಿಯಲಿಲ್ಲ. ಅದೇ ವರ್ಷಗಳಲ್ಲಿ ಬಿಜಾಪುರ, ಬಳ್ಳಾರಿ ಕಡೆ ಮಳೆ ಕೈಕೊಟ್ಟು ಬರ ಬಿದ್ದಿತ್ತು. ಅಲ್ಲಿ ಕ್ಷಾಮದ ಕಾಮಗಾರಿ ತೆರೆದರು, ಜನಕ್ಕೆ ಕೆಲಸವೂ ಕೂಲಿಯೂ ಸಿಕ್ಕಿತು. ಬಂಗಾಳದಂಥ ಸಾವು ಅಲ್ಲಿ ಆಗಲಿಲ್ಲ. ಬರ ಬಂದರೆ ಜನ ಸಾಯಲೇಬೇಕು ಅನ್ನುವ ಮಾತು ಸುಳ್ಳು ಅನ್ನಲು ನನಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಮತ್ತೆ ಈಸೂರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅಂತ ಶಿವಮೊಗ್ಗ ಜಿಲ್ಲೆಯ ಆ ಹಳ್ಳಿ 1942ರಲ್ಲಿ ತನ್ನನ್ನು ಸ್ವತಂತ್ರ ಅಂತ ಸಾರಿಕೊಂಡಿತು. ಆ ಊರಿನ ಐದು ಜನರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದರು. ಸ್ಟಾಲಿನ್‌ಗ್ರಾಡ್ ಗೆದ್ದು ತಿಂಗಳು ಕಳೆದಿತ್ತು. ಸ್ವಾತಂತ್ರ್ಯಕ್ಕಾಗಿ ನಡೆಯುತ್ತಿದೆ ಅಂದ ಯುದ್ಧ ಗೆಲುವಿನ ಕಡೆ ತಿರುಗಿದ ಮೇಲೆ ಅವರು ಸತ್ತರು.

ಯುರೋಪಿನಲ್ಲೂ ಹೀಗೆ ಆಯಿತು. 1944ರ ಜೂನ್ 6ಕ್ಕೆ ಮಿತ್ರಸೈನ್ಯ ನಾರ್ಮಂಡಿಯಲ್ಲಿ ಇಳಿಯಿತು. ಸೆಪ್ಟೆಂಬರ್‌ಗೆ ಹಾಲೆಂಡಿನ ದಕ್ಷಿಣ ಭಾಗಕ್ಕೆ ಬಂತು. ಅವರಿಗೆ ನೆರವಾಗಲಿ ಅಂತ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಸೇಡಿಗೆ ಜರ್ಮನ್ನರು ಪಶ್ಚಿಮದ ನಗರಗಳಿಗೆ ಆಹಾರ ಸಾಗಿಸುವುದನ್ನೇ ತಡೆದರು. ಆಮೇಲೆ ಚಳಿಗೆ ಕಾಲುವೆಗಳು ಹೆಪ್ಪುಗಟ್ಟಿದವು. ಆಮ್‌ಸ್ಟರ್‌ಡಾಮಿನ ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ವಿಮಾನಗಳು ಬಾಂಬಿನ ಬದಲು ಆಹಾರದ ಚೀಲ ಹಾಕಿದ್ದು 1945ರ ಏಪ್ರಿಲ್ 29ಕ್ಕೆ. ಒಂದು ವಾರದೊಳಗೆ ಅಲ್ಲಿ ಯುದ್ಧವೇ ಮುಗಿಯಿತು.

ನಮ್ಮ ದೇಶದ ಗಡಿಯಲ್ಲಿ ಯುದ್ಧ ತಿರುಗಿದ್ದು ಕೊಹಿಮಾ ಮತ್ತು ಇಂಫಾಲದಲ್ಲಿ, 1944ರ ಮಾರ್ಚ್‌ನಿಂದ ಜುಲೈವರೆಗೆ; ಕೊಹಿಮಾದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ. 2013ರಲ್ಲಿ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ನಡೆಸಿದ ಮತದಾನದಲ್ಲಿ ಬ್ರಿಟನ್ನಿನ ಅತಿ ದೊಡ್ಡ ಕದನ ಅಂತ ಆರಿಸಿದ್ದು ಇದನ್ನೇ. ಕೊಹಿಮಾದ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಆಚೆ ಈಚೆ ನಿಂತು ಎರಡೂ ಕಡೆಯವರು ಗ್ರೆನೇಡ್ ಎಸೆದ ಕಥೆ ತುಂಬಾ ಜನರಿಗೆ ಗೊತ್ತು. ಅಲ್ಲಿಯೂ ಕೊನೆಗೆ ಅಕ್ಕಿಯೇ ಮಾತಾಡಿತು. ಜಪಾನಿನ ಸೈನಿಕರು ಹೊತ್ತು ಬಂದದ್ದು ಮೂರು ವಾರದ ಆಹಾರ. ಹಿಂದಿನಿಂದ ಬರಬೇಕಾದ ಅಕ್ಕಿ ಬರಲೇ ಇಲ್ಲ. ಅಕ್ಕಿ ಕಳಿಸಿ ಅಂತ ಕೇಳಿ ಕೇಳಿ ಸಾಕಾದ ಜನರಲ್ ಸಾಟೊ ಮೇಲಿನವರ ಅಪ್ಪಣೆ ಮೀರಿ ತನ್ನ ಸೈನಿಕರನ್ನು ವಾಪಸ್ ಕರೆದುಕೊಂಡು ಹೊರಟ. ಹಿಂದೆ ಹೋಗುವ ದಾರಿಯಲ್ಲಿ ಹಸಿವು, ರೋಗಕ್ಕೆ ಅವರು ರಾಶಿರಾಶಿ ಸತ್ತರು.

ಆ ಮೂರು ತಿಂಗಳು ಆ ಸೈನಿಕರು ತಿಂದದ್ದು ನಾಗಾ ಹಳ್ಳಿಗಳ ಭತ್ತ, ನಾಗಾ ಹಳ್ಳಿಗಳ ದನ, ಹಂದಿ, ಕೋಳಿ. ಕೊಹಿಮಾ ಹಳ್ಳಿಯ ಮೇಲೆ ಬ್ರಿಟಿಷರ ಫಿರಂಗಿ, ವಿಮಾನಗಳೂ ಬಾಂಬು ಸುರಿಸಿದವು. ಮನೆಗಳು ನೆಲಸಮವಾದವು. ನಾಗಾ ಗಂಡಸರು, ಹೆಂಗಸರು ಮದ್ದುಗುಂಡು ಹೊತ್ತರು, ಗಾಯಾಳುಗಳನ್ನು ಬೆಟ್ಟ ಇಳಿಸಿದರು, ದಾರಿ ತೋರಿಸಿದರು. ಕದನದ ಪುಸ್ತಕಗಳಲ್ಲಿ ಅವರಿಗೆ ಸಿಗುವುದು ಒಂದೆರಡು ಪುಟ. ಏಪ್ರಿಲ್‌ನಿಂದ ಜೂನ್ ಅಂದರೆ ಆ ಬೆಟ್ಟಗಳಲ್ಲಿ ಬಿತ್ತುವ, ನಾಟಿಗೆ ಗದ್ದೆ ಹದ ಮಾಡುವ ಕಾಲ. ಕದನ ಮುಗಿದು ಅವರು ಊರಿಗೆ ಬಂದಾಗ ಮಳೆ ಜೋರಾಗಿ ಹಿಡಿದಿತ್ತು. ಮೊದಲು ಸೂರು ಕಟ್ಟಬೇಕಿತ್ತು, ಬೀಜಕ್ಕೆ ಎಲ್ಲಿಗೆ ಹೋಗುವುದು ಅಂತ ನೋಡಬೇಕಿತ್ತು.